ಪಾಟಿಯ ಪಾಲಿನ ಆಕಾಶ

ಜೀವನ್ ಬಿಮಾ ನಗರದಲ್ಲಿರುವ ಅಕ್ಕನ ಮನೆಯ ತಾರಸಿಯಲ್ಲಿ ಬಾವಲಿ ಎಣಿಸಲು ಕೂರುವವರಿಗೆ ಒಬ್ಬೊಬ್ಬರಿಗೂ ಒಂದೊಂದು ತುಂಡು ಆಕಾಶ ನಿಗದಿಯಾಗಿತ್ತು. ನೀರಿನ ಟ್ಯಾಂಕಿನಿಂದ ಎದುರು ಮನೆಯ ತೆಂಗಿನ ಮರದವರೆಗೆ ಅಕ್ಕನದು. ಅಲ್ಲಿಂದ ಮೊಬೈಲ್ ಟವರಿನವರೆಗೆ ಪಾಟಿಯದು. ಟವರಿನಿಂದಾಚೆಗೆ ಉಳಿದದ್ದು ಆ ಸಂಜೆ ಯಾರು ಬಿಡುವಾಗಿ ಸಿಕ್ಕುತ್ತಾರೋ ಅವರದು. ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ಯಾರು ಕೂರಬೇಕು ಎಂಬುದು ಯಾರೂ ಹೇಳದೆಯೇ ತೀರ್ಮಾನವಾಗಿರುತ್ತದಲ್ಲ, ಇದೂ ಹಾಗೆಯೇ. ಪಾಟಿ ಆ ಬೀದಿಗೆ ಎಲ್ಲರಿಗಿಂತ ಮೊದಲು ಬಂದ ತಮಿಳು ಮನೆತನದ ಅಜ್ಜಿ. ಅವರ ಮೊಮ್ಮಕ್ಕಳಿಗಷ್ಟೇ ಅಲ್ಲ, ಇಡೀ ಬೀದಿಗೆ ಅವರು ಪಾಟಿ. ಬಾವಲಿಗಳು ಹೆಚ್ಚಾಗಿ ಹಾರುವುದು ಪೂರ್ವಕ್ಕೆ. ಹಾಗಾಗಿ ಪೂರ್ವದ ಆಕಾಶ ಹಿರಿತನದ ಲೆಕ್ಕದಲ್ಲಿ ಅವರಿಗೇ ಸಂದಿತ್ತು.

ಬೀದಿಯ ತುದಿಯಲ್ಲಿ ಎರಡು ಮಳೆಮರ, ಒಂದು ಗೋಣಿಮರ ಇದ್ದವು. ದೊಡ್ಡ ಹಣ್ಣುಬಾವಲಿಗಳು ಹಗಲೆಲ್ಲ ಅವುಗಳ ತುಂಬ ತಲೆಕೆಳಗಾಗಿ ಜೋತುಬಿದ್ದು, ಜಾಗಕ್ಕಾಗಿ ಜಗಳವಾಡುತ್ತ, ರೆಕ್ಕೆಯಿಂದ ಗಾಳಿ ಬೀಸಿಕೊಳ್ಳುತ್ತ ಇರುತ್ತಿದ್ದವು. ಮರದ ಕೆಳಗೆ ಕಾರು ನಿಲ್ಲಿಸಿದವರು ಬೆಳಗ್ಗೆ ಬಂದು ಗಾಜಿನ ಮೇಲಿನ ಗಲೀಜು ನೋಡಿ ಬೈದುಕೊಳ್ಳುತ್ತಿದ್ದರು. ಸಂಜೆ ಬೀದಿ ದೀಪ ಹತ್ತುವ ಹೊತ್ತಿಗೆ ಅವು ಒಂದೊಂದಾಗಿ ಕೊಂಬೆ ಬಿಟ್ಟು ಊಟಕ್ಕೆ ಹೊರಡುತ್ತಿದ್ದವು. ಪ್ರತಿ ವರ್ಷ ಫೆಬ್ರವರಿಯಲ್ಲಿ ಎಣಿಕೆ ನಡೆಯುತ್ತಿದ್ದುದು ಆಗ. ಹತ್ತು ಬಾವಲಿ ಹಾರಿದರೆ ಮಡಿಲಿನಿಂದ ಒಂದು ಹುಣಸೆ ಬೀಜ ತೆಗೆದು ಡಬ್ಬಿಗೆ ಹಾಕಬೇಕು. ಕಣ್ಣು ಮೇಲೆಯೇ ಇರಬೇಕು, ಕೈ ಮಾತ್ರ ಕೆಲಸ ಮಾಡಬೇಕು. ಕೊನೆಗೆ ಎಲ್ಲರ ಡಬ್ಬಿಯ ಬೀಜ ಎಣಿಸಿ, ಅಕ್ಕ ಆ ವರ್ಷದ ಸಂಖ್ಯೆಯನ್ನು ತಾರಸಿ ಮೆಟ್ಟಿಲಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಇದೆಲ್ಲ ಅವಳದೇ ಕಾರುಬಾರು. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವಳು. ಮಕ್ಕಳ ತಲೆ ಎಣಿಸುವುದು ನಿಂತ ಮೇಲೆ ಬಾವಲಿಗಳ ತಲೆ ಎಣಿಸಲು ಶುರು ಮಾಡಿದಳು ಎಂದು ನಾನು ಅವಳನ್ನು ರೇಗಿಸುತ್ತಿದ್ದೆ.

ನಾನಿರುವುದು ರಾಮಮೂರ್ತಿ ನಗರದಲ್ಲಿ. ವಿಮಾನದ ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಆಯುಷ್ಯದ ಬಹುಪಾಲು ಕಳೆದವಳು. ಯಂತ್ರದಿಂದ ಇಳಿದ ತುಣುಕು ಅಳತೆಗೆ ಸರಿಯಾಗಿದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ನನ್ನ ಕೆಲಸ. ಹುಡುಗರು ನನಗೆ ರಿಜೆಕ್ಟ್ ಮೇಡಂ ಎಂದು ಹೆಸರಿಟ್ಟಿದ್ದರು. ನನಗೇನೂ ಬೇಸರವಿರಲಿಲ್ಲ, ಹೆಮ್ಮೆಯೇ ಇತ್ತು. ಸಾಲಾಗಿ ಬಂದ ತುಣುಕುಗಳೆಲ್ಲ ತಪ್ಪಾಗಿ ಕಂಡರೆ ಯಂತ್ರದವನ ಮೇಲೆ ಕೂಗಾಡಬಾರದು, ಮೊದಲು ಕೈಯಲ್ಲಿರುವ ಅಳತೆ ಉಪಕರಣ ಸರಿಯಿದೆಯೇ ನೋಡಬೇಕು ಎಂಬುದು ನಮ್ಮ ವಿಭಾಗದ ಪದ್ಧತಿ. ಅದು ಸರಿಯಿದ್ದರೆ ಹಿಡಿದ ಕೈ ನೋಡಬೇಕು. ಯಂತ್ರ, ಲೋಹ ಎಲ್ಲ ಆಮೇಲೆ.

ಆ ವರ್ಷ ಬೀದಿ ಅಗಲ ಮಾಡಿ ಚರಂಡಿ ತೆಗೆಯುವ ಯೋಜನೆ ಬಂತು. ಮೂರು ಮರಗಳೂ ಅದಕ್ಕೆ ಅಡ್ಡವಾಗಿದ್ದವು. ಆಕ್ಷೇಪಣೆ ಇದ್ದವರು ಸಭೆಗೆ ಬಂದು ಹೇಳಬಹುದು ಎಂದು ವಾರ್ಡ್ ಕಚೇರಿಯಿಂದ ತಿಳಿಸಿದರು. ಅಕ್ಕ ಮತ್ತು ಅವಳ ಜತೆ ಎಣಿಸುವ ನಾಲ್ಕು ಜನ ಕೂತು ಒಂದು ಮನವಿ ತಯಾರಿಸಿದರು. ಗೋಡೆಯ ಮೇಲಿನ ಸಂಖ್ಯೆಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದು ಅರ್ಧಕ್ಕಿಂತ ಕಡಿಮೆಯಾಗಿದ್ದವು. ಬೇಸಿಗೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಹವಾಮಾನ ಬದಲಾವಣೆಯಿಂದಾಗಿ ಬಾವಲಿಗಳು ಸಾಯುತ್ತಿವೆ, ಈ ಮರಗಳೇ ಅವುಗಳಿಗೆ ಉಳಿದಿರುವ ಕೊನೆಯ ನೆರಳು, ಇದನ್ನೂ ಕಡಿಯಬೇಡಿ ಎಂಬುದು ಮನವಿಯ ಸಾರಾಂಶ. ಸಭೆಯಲ್ಲಿ ಯಾರಾದರೂ ಅಡ್ಡ ಪ್ರಶ್ನೆ ಹಾಕಿದರೆ ಲೆಕ್ಕ ಗೊತ್ತಿದ್ದವರು ಬೇಕಲ್ಲ, ಅದಕ್ಕೆ ನನ್ನನ್ನು ಕರೆದರು.

"ನೀನೊಂದ್ ಸಲ ನೋಡ್ಬಿಡು, ಆಮೇಲೆ ಸಭೇಲಿ ನೀನೇ ಮಾತಾಡು," ಎಂದಳು ಅಕ್ಕ. "ನಂಗೆ ಅಲ್ಲಿ ಹೋದ್ರೆ ಅಳು ಬಂದ್ಬಿಡುತ್ತೆ."

"ನೋಡ್ತೀನಿ. ಆದ್ರೆ ನೋಡಿದ್ಮೇಲೆ ಏನ್ ಕಾಣುತ್ತೋ ಅದನ್ನೇ ಹೇಳೋದು."

"ಬೇರೆ ಏನ್ ಕಾಣುತ್ತೆ? ಬಿಸಿಲು ಕಾಣ್ತಿಲ್ವಾ ನಿಂಗೆ?"

ಬಿಸಿಲು ಕಾಣುತ್ತಿತ್ತು. ನಮ್ಮ ಚಿಕ್ಕಂದಿನಲ್ಲಿ ಮರ್ಫಿ ಟೌನಿನ ಮನೆಯಲ್ಲಿ ಫ್ಯಾನೇ ಇರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ. ಈಗ ಮಾರ್ಚಿ ಬಂದರೆ ನಾನು ಒದ್ದೆ ಟವಲು ಹೊದ್ದು ಕೂರುತ್ತೇನೆ. ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಬಿಸಿಲು ಹೆಚ್ಚಾಗಿದೆ ಎನ್ನುವುದು ಒಂದು ಮಾತು, ಬಾವಲಿ ಕಡಿಮೆಯಾಗಿದೆ ಎನ್ನುವುದು ಇನ್ನೊಂದು ಮಾತು. ಇವೆರಡನ್ನೂ ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಬೆಂಗಳೂರಿನಲ್ಲಿ ಅದೇ ವರ್ಷಗಳಲ್ಲಿ ಬಿರಿಯಾನಿ ಅಂಗಡಿಗಳೂ ಹೆಚ್ಚಾಗಿವೆ ಎಂದು ನಾನು ಹೇಳಿದಾಗ ಅಕ್ಕ ಮುಖ ಊದಿಸಿಕೊಂಡಳು.

ಕಾರ್ಖಾನೆಯ ಪದ್ಧತಿಯಂತೆ ಮೊದಲು ಅಳತೆಯನ್ನೇ ಅಳೆಯೋಣ ಎಂದು ಫೆಬ್ರವರಿಯ ಒಂದು ಭಾನುವಾರ ಎಣಿಕೆಗೆ ಹೋದೆ. ಮಳೆಮರ ಎಲೆ ಉದುರಿಸಿ ತೆಳ್ಳಗಾಗುವ ಕಾಲ ಅದು. ನನಗೆ ಟವರಿನಾಚೆಯ ತುಂಡು ಸಿಕ್ಕಿತು. ಅಲ್ಲಿ ಬಾವಲಿಗಳೇ ಇಲ್ಲ, ಒಂದೋ ಎರಡೋ ದಾರಿ ತಪ್ಪಿದವು ಅಷ್ಟೆ. ಬೇಸರವಾಗಿ ಪಕ್ಕದ ಆಕಾಶ ನೋಡುತ್ತ ಕೂತೆ. ಬಾವಲಿಗಳು ತಂಡ ತಂಡವಾಗಿ ಪೂರ್ವಕ್ಕೆ ಹೋಗುತ್ತಿದ್ದವು. ಪಾಟಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕತ್ತೆತ್ತಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರಂತೆ ನೋಡುತ್ತಿದ್ದರು. ಆದರೆ ಅವರ ಕೈ ಮಡಿಲಿನಿಂದ ಡಬ್ಬಿಗೆ ಹೋಗುತ್ತಲೇ ಇರಲಿಲ್ಲ. ತೀರ ಹತ್ತಿರದಲ್ಲಿ, ತೆಂಗಿನ ಗರಿಯ ಮಟ್ಟದಲ್ಲಿ ಹಾರಿದವು ಮಾತ್ರ ಅವರ ಲೆಕ್ಕಕ್ಕೆ ಸಿಗುತ್ತಿದ್ದವು. ಮೇಲೆ ಹೋದವೆಲ್ಲ ಅವರ ಪಾಲಿಗೆ ಇರಲೇ ಇಲ್ಲ.

ನಾನು ಮೆಲ್ಲಗೆ ಕುರ್ಚಿ ಎಳೆದುಕೊಂಡು ಅವರ ಹಿಂದೆ ಕೂತು ಎಣಿಸತೊಡಗಿದೆ. ಬೀಜ ಹಾಕಿದ ಸದ್ದು ಅವರಿಗೆ ಕೇಳಿಸಿತು. ಕಿವಿ ಮಾತ್ರ ಚುರುಕಾಗಿತ್ತು.

"ಏನ್ಮಾ, ನನ್ ಜಾಗದಲ್ಲಿ ನೀನ್ ಯಾಕ್ ಎಣಿಸ್ತಾ ಇದೀಯಾ?"

"ಸುಮ್ನೆ ಪಾಟಿ, ನನ್ ಕಡೆ ಏನೂ ಇಲ್ಲ. ಹೊತ್ತು ಹೋಗ್ಬೇಕಲ್ಲ."

"ಇಲ್ಲೂ ಏನಿಲ್ಲಮ್ಮಾ. ಮುಂಚೆ ಎಷ್ಟು ಬರ್ತಾ ಇತ್ತು! ಎಲ್ಲಾ ಸತ್ತೋಯ್ತು. ಬಿಸ್ಲು," ಎಂದರು ಪಾಟಿ. ಅವರ ದನಿಯಲ್ಲಿ ನಿಜವಾದ ದುಃಖವಿತ್ತು. ಅವರ ತಲೆಯ ಮೇಲಿಂದ ಆಗಲೂ ಬಾವಲಿಗಳು ಹೋಗುತ್ತಲೇ ಇದ್ದವು.

ಡಬ್ಬಿಗಳನ್ನು ಮಗುಚಿದಾಗ ನನ್ನ ಬೀಜ ಪಾಟಿಯ ಬೀಜಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಅಕ್ಕನಿಗೂ ಕಂಡಿತು. ಪಾಟಿ ಮೆಟ್ಟಿಲಿಳಿದು ಹೋಗುವವರೆಗೂ ಇಬ್ಬರೂ ಬೀಜಗಳನ್ನು ಮತ್ತೊಮ್ಮೆ ಎಣಿಸಿದೆವು.

"ಪೊರೆ ಬಂದಿದೆ ಕಣೇ ಅವ್ರಿಗೆ, ಎರಡೂ ಕಣ್ಣಿಗೆ," ಎಂದಳು ಅಕ್ಕ, ನೆಲ ನೋಡುತ್ತ. "ಆಪರೇಷನ್ನಿಗೆ ಒಪ್ತಿಲ್ಲ."

"ಎಷ್ಟ್ ವರ್ಷದಿಂದ?"

"ಆಗಿರ್ಬೇಕು ಒಂದಷ್ಟು."

"ಮತ್ತೆ ಅವ್ರಿಗೆ ಬೇರೆ ಕಡೆ ಕೊಡೋಕ್ಕೇನಾಗಿತ್ತು?"

"ಪಾಟಿಗೆ ಜಾಗ ಬಿಡಿ ಅಂತ ಹೇಳೋಕಾಗುತ್ತೇನೇ? ಮೊದ್ಲಿಂದ ಅವ್ರೇ ಕೂರೋದು ಅಲ್ಲಿ."

ನಾನು ನಕ್ಕುಬಿಟ್ಟೆ. ಅಕ್ಕನಿಗೂ ನಗು ಬಂತು, ಆದರೆ ತಡೆದುಕೊಂಡಳು. ಯಾರಿಗೂ ಅವಮಾನವಾಗಬಾರದು ಎಂದು ಎಲ್ಲರೂ ಸುಮ್ಮನಿದ್ದರು. ಹಾಗಾಗಿ ಪಾಟಿಯ ಕಣ್ಣಿನ ಪೊರೆ ಬೆಳೆಯುತ್ತ ಹೋದಂತೆ ಗೋಡೆಯ ಮೇಲೆ ಬಾವಲಿಗಳು ಸಾಯುತ್ತ ಹೋದವು. ಇದು ನಮ್ಮವರು ಮಾತ್ರ ಮಾಡಬಲ್ಲ ತಪ್ಪು. ನಾನಾಗಿದ್ದರೆ ಮುಖಕ್ಕೆ ಹೇಳುತ್ತಿದ್ದೆ ಎಂದು ಜಂಬದಿಂದ ಅಂದುಕೊಂಡೆನಾದರೂ, ಆ ಸಂಜೆ ಪಾಟಿಯ ಹಿಂದೆ ಕೂತಿದ್ದಾಗ ನಾನೂ ಹೇಳಿರಲಿಲ್ಲ.

ಎಲ್ಲ ಇಳಿಕೆಯನ್ನೂ ಪಾಟಿಯ ಕಣ್ಣಿಗೆ ಕಟ್ಟುವಂತಿರಲಿಲ್ಲ. ಅಕ್ಕನ ತುಂಡಿನಲ್ಲೂ ಸಂಖ್ಯೆ ಇಳಿದಿತ್ತು, ಅವಳ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ. ಮರದಲ್ಲೂ ಹಿಂದೆ ಕಪ್ಪಗೆ ತುಂಬಿರುತ್ತಿದ್ದ ಕೊಂಬೆಗಳು ಖಾಲಿಯಿದ್ದವು. ಬಾವಲಿಗಳು ಕಡಿಮೆಯಾಗಿದ್ದು ನಿಜ, ಗೋಡೆ ಹೇಳುವಷ್ಟು ಕಡಿಮೆಯಾಗಿದ್ದು ಸುಳ್ಳು. ಈಗ ಪ್ರಶ್ನೆ, ಉಳಿದ ಇಳಿಕೆಗೆ ಬಿಸಿಲು ಕಾರಣವೇ ಎಂಬುದು.

ಅಕ್ಕನ ಮನೆಯ ಕೆಳಗಿನ ಕೋಣೆಯಲ್ಲಿ ಯಾದಗಿರಿ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಬಾಡಿಗೆಗಿದ್ದ. ವಾದ ಎಲ್ಲಿ ನಡೆದರೂ ಬಂದು ನಿಲ್ಲುವ ಆಸಾಮಿ. ಬಿಸಿಲಿನ ಮಾತು ಕೇಳಿ ಜೋರಾಗಿ ನಕ್ಕ.

"ಇದ್ಯಾವ ಬಿಸಲ್ರೀ ಅಕ್ಕಾರ? ಒಮ್ಮೆ ನಮ್ ಕಡಿ ಬರ್ರಿ, ಬಿಸಲಂದ್ರ ಏನಂತ ತೋರಸ್ತೀನಿ. ಅಲ್ಲೂ ತೊಗಲಬಾವಲಿ ಅವರಿ. ಹಳ್ಳದ ದಂಡಿ ಆಲದ ಮರದಾಗ ಆರಾಮ ಜೋತಾಡ್ತಾವ. ಬಿಸಲಿಗಿ ಸಾಯೂದಾದ್ರ ನಮ್ಮೂರಾಗ ಒಂದೂ ಉಳೀಬಾರದಾಗಿತ್ತಲ್ಲ?"

ಅಕ್ಕನಿಗೆ ಕೋಪ ಬಂತು. ನನಗೆ ಮಾತು ಹಿಡಿಸಿತು, ಆದರೆ ಪೂರ್ತಿ ಒಪ್ಪಲಿಲ್ಲ. ಅಲ್ಲಿನ ಬಾವಲಿ ಹುಟ್ಟಿದಾಗಿನಿಂದ ಆ ಬಿಸಿಲು ಕಂಡದ್ದು. ಇಲ್ಲಿನದಕ್ಕೆ ಅದು ಹೊಸದು. ಅದೂ ಅಲ್ಲದೆ ಅವನೇ ಹೇಳಿದನಲ್ಲ, ಹಳ್ಳದ ದಂಡೆ ಎಂದು. ಈ ಬೀದಿಯ ಹಿಂದಿದ್ದ ಹೊಂಡವನ್ನು ಮುಚ್ಚಿ ಪಾರ್ಕು ಮಾಡಿ ಬಹಳ ಕಾಲವಾಗಿತ್ತು. ಬಿಸಿಲಿನ ದಿನ ಬಾವಲಿಗಳು ನೀರಿನ ಮೇಲೆ ತೀರ ತಗ್ಗಿನಲ್ಲಿ ಹಾರಿ ಹೊಟ್ಟೆ ತೋಯಿಸಿಕೊಂಡು ಮರಕ್ಕೆ ವಾಪಸಾಗಿ ಆ ನೀರನ್ನು ನೆಕ್ಕುತ್ತವೆ. ಇಲ್ಲಿ ಎಲ್ಲಿ ತೋಯಿಸಿಕೊಳ್ಳಬೇಕು? ಜತೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕರೆಂಟು ತಂತಿಗೆ ತಾಗುತ್ತದೆ ಎಂದು ಕೊಂಬೆಗಳನ್ನು ಬೋಳಿಸುತ್ತಿದ್ದರು. ನೆರಳಿಗೆಂದು ಇದ್ದ ಮರವೇ ಬೋಳಾಗಿದ್ದರೆ ತಪ್ಪೆಲ್ಲ ಸೂರ್ಯನದು ಎನ್ನಲಾಗುವುದಿಲ್ಲ.

ಇದನ್ನು ಪರೀಕ್ಷಿಸಲು ಅದೇ ಬಿಸಿಲು ಬೀಳುವ, ಆದರೆ ನೀರೂ ನೆರಳೂ ಇರುವ ಇನ್ನೊಂದು ಜಾಗ ಬೇಕಿತ್ತು. ಅದು ನನ್ನ ಮನೆಯ ಹತ್ತಿರವೇ ಸಿಕ್ಕಿತು. ಕೆ.ಆರ್. ಪುರದ ಕಡೆಗೆ ಹೋಗುವಾಗ ಸಿಗುವ ಒಂದು ಕೆರೆಯ ದಂಡೆಯಲ್ಲಿ ಯಾರೂ ಮುಟ್ಟದೆ ಬಿಟ್ಟಿದ್ದ ಹಳೆಯ ಮರಗಳಿದ್ದವು. ಅಕ್ಕನನ್ನೂ ಕರೆದುಕೊಂಡು ಹೋದೆ. ಸಂಜೆ ಏರಿಯ ಮೇಲೆ ಕೂತು ಎಣಿಸಿದೆವು. ಬೀಜ ಸಾಲದೆ ದಂಡೆಯ ಕಲ್ಲು ಆರಿಸಿಕೊಂಡೆವು. ಏರಿಯ ಮೇಲೆ ದಿನಾ ನಡೆಯುವ ಹಿರಿಯರೊಬ್ಬರು ವರ್ಷಗಳಿಂದ ಒಂದೇ ಜಾಗದಲ್ಲಿ ನಿಂತು ಸೂರ್ಯೋದಯದ ಫೋಟೊ ತೆಗೆಯುವವರು. ಅವರ ಮೊಬೈಲಿನಲ್ಲಿ ನಮಗೆ ಬೇಕಾದ್ದು ಸೂರ್ಯನಲ್ಲ, ಫೋಟೊದ ಮೂಲೆಯಲ್ಲಿದ್ದ ಮರ. ಹಳೆಯ ಫೋಟೊಗಳಲ್ಲಿ ಒಂದು ಮರದಲ್ಲಿ ಮಾತ್ರ ಬಾವಲಿಗಳಿದ್ದವು. ಹೊಸ ಫೋಟೊಗಳಲ್ಲಿ ಅಕ್ಕಪಕ್ಕದ ಮರಗಳೂ ತುಂಬಿದ್ದವು.

"ಇವು ನಮ್ ಬಾವಲಿಗಳೇನಾ?" ಎಂದಳು ಅಕ್ಕ.

"ಗೊತ್ತಿಲ್ಲ. ಅವುಗಳ ಕಾಲಿಗೆ ಗುರುತು ಕಟ್ಟಿಲ್ವಲ್ಲ. ಆದ್ರೆ ಅಲ್ಲಿ ಕಮ್ಮಿ ಆದ ಹೊತ್ತಿಗೇ ಇಲ್ಲಿ ಜಾಸ್ತಿ ಆಗಿದೆ."

"ಹಾಗಾದ್ರೆ ಸತ್ತಿಲ್ಲ," ಎಂದು ಅಕ್ಕ ಮಗುವಿನಂತೆ ಖುಷಿಪಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಮುಖ ಇಳಿಯಿತು. ಸಾಯದಿದ್ದರೆ ನಮ್ಮ ಮನವಿಯ ಗತಿಯೇನು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವು ಚೆನ್ನಾಗಿ ಬದುಕಿರುವುದು ಇನ್ನೊಂದು ಕಡೆ ಎಂದ ಮೇಲೆ ಅವಳ ಬೀದಿಯ ಮೂರು ಮರ ಯಾರಿಗೆ ಬೇಕು?

ಸಭೆಯ ಹಿಂದಿನ ದಿನ ಅಕ್ಕ ಫೋನು ಮಾಡಿದಳು. "ನೀನು ಕೆರೆ ವಿಷ್ಯ ಎತ್ಬೇಡ. ಕೇಳಿದ್ರೆ ಮಾತ್ರ ಹೇಳು," ಎಂದಳು. ಪಾಟಿಯ ಕಣ್ಣಿನ ವಿಷಯವೂ ಬೇಡ ಎಂದಳು. ಪಾಟಿಯ ವಿಷಯ ಎತ್ತುವುದಿಲ್ಲ, ಹೊಸ ಎಣಿಕೆಯನ್ನು ಮಾತ್ರ ಹೇಳುತ್ತೇನೆ ಎಂದೆ. ಕೆರೆಯ ವಿಷಯಕ್ಕೆ ಒಪ್ಪಲಿಲ್ಲ. ಹವಾಮಾನ ಬದಲಾವಣೆ ಎಂಬ ದೊಡ್ಡ ಮಾತನ್ನು ಸುಳ್ಳು ಲೆಕ್ಕಕ್ಕೆ ಅಂಟಿಸಿದರೆ, ನಾಳೆ ನಿಜವಾದ ಲೆಕ್ಕ ತಂದಾಗ ಯಾರೂ ನಂಬುವುದಿಲ್ಲ ಎಂದು ಭಾಷಣ ಬಿಗಿದೆ. ಅಕ್ಕ ಕೇಳಿಸಿಕೊಂಡು ಫೋನಿಟ್ಟಳು.

ಸಭೆಯಲ್ಲಿದ್ದ ಎಂಜಿನಿಯರು ಒಳ್ಳೆಯ ಮಾತಿನವರೇ. ಎಲ್ಲರಿಗೂ ಟೀ ತರಿಸಿಕೊಟ್ಟರು. ನಾನು ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಾವಲಿಗಳು ಕಡಿಮೆಯಾಗಿವೆ, ಆದರೆ ಮನವಿಯಲ್ಲಿ ಬರೆದಷ್ಟಲ್ಲ. ಬಿಸಿಲೊಂದೇ ಕಾರಣ ಎಂದು ತೋರಿಸುವ ಪುರಾವೆ ನಮ್ಮ ಹತ್ತಿರ ಇಲ್ಲ. ಅದೇ ಬಿಸಿಲಿನಲ್ಲಿ ನೀರೂ ನೆರಳೂ ಇರುವ ಕೆರೆಯ ಹತ್ತಿರ ಅವು ಹೆಚ್ಚಾಗಿವೆ. ಇಲ್ಲಿ ಕೊಂಬೆ ಬೋಳಿಸಿದ್ದು, ಹೊಂಡ ಮುಚ್ಚಿದ್ದು ಕಾರಣವಾಗಿರಬಹುದು. ಬಿಸಿಲು ಅದರ ಮೇಲೆ ಇನ್ನಷ್ಟು ಕಷ್ಟ ಕೊಟ್ಟಿರಬಹುದು. ಮರಗಳನ್ನು ಉಳಿಸಿ ಕೊಂಬೆ ಕಡಿಯುವುದನ್ನು ನಿಲ್ಲಿಸಿದರೆ ಅವು ವಾಪಸು ಬರುತ್ತವೆಯೇ ನೋಡಬಹುದು ಎಂದೆ.

"ಅಂದ್ರೆ ಮೇಡಂ, ಅವುಕ್ಕೆ ಬೇರೆ ಒಳ್ಳೆ ಜಾಗ ಸಿಕ್ಕಿದೆ, ಶಿಫ್ಟ್ ಆಗಿದಾವೆ," ಎಂದರು ಎಂಜಿನಿಯರು, ಸಮಾಧಾನವಾದವರಂತೆ. "ಕ್ಲೈಮೇಟ್ ಚೇಂಜಿಂದ ತೊಂದ್ರೆ ಇಲ್ಲ ಅಂತ ಆಯ್ತಲ್ಲ."

"ಇಲ್ಲ ಅಂತ ಯಾರ್ ಹೇಳಿದ್ರು? ನಮ್ ಹತ್ರ ಪುರಾವೆ ಇಲ್ಲ ಅಂದೆ. ಪುರಾವೆ ಇಲ್ಲ ಅನ್ನೋದೂ ತೊಂದ್ರೆ ಇಲ್ಲ ಅನ್ನೋದೂ ಒಂದೇನಾ?"

ನನ್ನ ದನಿ ಏರಿತ್ತು. ಅವರು ನಕ್ಕು, ನಿಮ್ಮ ಮಾತನ್ನೇ ನಾನು ಹೇಳುತ್ತಿರುವುದು ಎಂದರು. ಒಂದು ಮರವನ್ನಾದರೂ ಬಿಡಿ, ಬೇಸಿಗೆ ಹೀಗೇ ಏರಿದರೆ ಅವುಗಳಿಗೆ ಎರಡು ಕಡೆ ಜಾಗ ಬೇಕಾಗುತ್ತದೆ ಎಂದು ಮತ್ತೆ ಹೇಳಿದೆ. ಮುಂದೆ ಬೇಕಾಗಬಹುದು ಎನ್ನುವುದಕ್ಕೆ ಪುರಾವೆ ಇದೆಯೇ ಮೇಡಂ ಎಂದು ಅವರು ಕೇಳಿದರು. ವ್ಯಂಗ್ಯವಾಗಿ ಕೇಳಲಿಲ್ಲ, ನಿಜಕ್ಕೂ ಕೇಳಿದರು. ನನ್ನ ಹತ್ತಿರ ಇರಲಿಲ್ಲ. ಅಕ್ಕ ನನ್ನ ಪಕ್ಕದಲ್ಲಿ ಕೂತು ತಣ್ಣಗಾದ ಟೀ ಲೋಟ ಹಿಡಿದುಕೊಂಡಿದ್ದಳು.

ವಾಪಸು ಬರುವಾಗ ಆಟೊದಲ್ಲಿ ಅವಳು ಒಂದೇ ಮಾತಾಡಿದಳು. "ಅವ್ರು ಕೆರೆ ಬಗ್ಗೆ ಕೇಳಿರ್ಲಿಲ್ಲ."

ಮಳೆಗಾಲ ಮುಗಿದ ಮೇಲೆ ಮರಗಳನ್ನು ಕಡಿದರು. ನನಗೆ ತಿಳಿದದ್ದು ಅಕ್ಕನಿಂದಲ್ಲ, ಯಾದಗಿರಿಯವನಿಂದ. ಅವನು ಫೋನು ಮಾಡಿ, "ಅಕ್ಕಾರು ಬೆಳಗ್ಗಿಂದ ಬಾಗಲಾ ಹಾಕ್ಕೊಂಡು ಕುಂತಾರ್ರೀ, ಬಂದು ಹೋಗ್ರಿ," ಎಂದ. ಹೋದೆ. ಬೀದಿ ವಿಪರೀತ ಬೆಳಕಾಗಿತ್ತು. ಅಕ್ಕ ಬಾಗಿಲು ತೆಗೆದು, ಊಟ ಬಡಿಸಿ, ಮೆಟ್ರೊ ರಶ್ ಆಗುವ ಮೊದಲು ಹೊರಡು ಎಂದಳು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಚಳಿಗಾಲದಲ್ಲಿ ಪಾಟಿ ಕೊನೆಗೂ ಕಣ್ಣಿನ ಆಪರೇಷನ್ನಿಗೆ ಒಪ್ಪಿದರು. ನೋಡಲು ಹೋದಾಗ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. "ಈಗ ಟವರ್ ಮೇಲಿರೋ ಕಾಗೆ ಕೂಡ ಕಾಣ್ತದಮ್ಮಾ," ಎಂದರು. "ಸಾಯಂಕಾಲ ಮೇಲೆ ಹೋಗಿ ನೋಡ್ದೆ. ಏನೂ ಇಲ್ಲ." ನಾನು ತಂದಿದ್ದ ಕಿತ್ತಳೆ ಹಣ್ಣನ್ನು ಅವರ ಕೈಗಿತ್ತೆ.

ಮುಂದಿನ ಫೆಬ್ರವರಿಯಲ್ಲಿ ಅಕ್ಕ ತಾನಾಗಿಯೇ ಕೆರೆಯ ಹತ್ತಿರ ಬಂದಳು. ನನ್ನ ಮೇಲಿನ ಪ್ರೀತಿಯಿಂದಲ್ಲ, ಬಾವಲಿಗಳಿಗಾಗಿ. ಭಾನುವಾರ ನನ್ನ ಮನೆಯಲ್ಲಿ ಊಟ ಮಾಡಿ, ಬಿಸಿಲಿಳಿದ ಮೇಲೆ ಇಬ್ಬರೂ ಏರಿಗೆ ಹೋಗುತ್ತಿದ್ದೆವು. ತಾಯಿ ಬಾವಲಿಗಳು ಮರಿ ಹಾಕಿದ್ದವು. ಎದೆಗೆ ಕಚ್ಚಿಕೊಂಡ ಮರಿಯನ್ನು ರೆಕ್ಕೆಯೊಳಗೆ ಸುತ್ತಿಕೊಂಡು ತೂಗಾಡುವುದನ್ನು ಅಕ್ಕ ದುರ್ಬೀನಿನಲ್ಲಿ ನೋಡಿ ನನಗೂ ಕೊಡುತ್ತಿದ್ದಳು. ನಮ್ಮ ಮಾತುಕತೆ ನಿಧಾನವಾಗಿ ಸರಿಹೋಗುತ್ತಿತ್ತು. ಆ ವರ್ಷ ಮುಂಗಾರಿಗೆ ಮುಂಚಿನ ಮಳೆ ಬರಲೇ ಇಲ್ಲ. ಕೆರೆಯ ನೀರು ದಂಡೆ ಬಿಟ್ಟು ಹಿಂದೆ ಸರಿಯಿತು, ಆದರೂ ನೀರಿತ್ತು.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಫೋಟೊ ತೆಗೆಯುವ ಹಿರಿಯರು ಫೋನು ಮಾಡಿ, ಮರದ ಕೆಳಗೆ ಏನೋ ಬಿದ್ದಿದೆ, ಬನ್ನಿ ಎಂದರು. ಅಕ್ಕ ನನ್ನ ಮನೆಯಲ್ಲೇ ಇದ್ದಳು. ಉರಿಬಿಸಿಲಿನಲ್ಲೇ ಹೊರಟೆವು. ದೂರದಿಂದ ನೋಡಿದಾಗ ಯಾರೋ ಕೊಡೆಗಳನ್ನು ಮುರಿದು ಎಸೆದಂತಿತ್ತು. ಹತ್ತಿರ ಹೋದರೆ ಬಾವಲಿಗಳು. ಕೆಲವು ಸತ್ತಿದ್ದವು, ಕೆಲವು ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿದ್ದವು. ಮೇಲೆ ಉಳಿದವು ಜೋರಾಗಿ ರೆಕ್ಕೆ ಬೀಸಿಕೊಳ್ಳುತ್ತ, ಕಾಂಡದ ನೆರಳಿಗಾಗಿ ಒಂದರ ಮೇಲೊಂದು ಹತ್ತಿ ಕೆಳಗಿಳಿಯುತ್ತಿದ್ದವು.

ವನ್ಯಜೀವಿ ರಕ್ಷಣೆಯವರಿಗೆ ಫೋನು ಮಾಡಿದೆ. ಬರಿಗೈಯಲ್ಲಿ ಮುಟ್ಟಬೇಡಿ, ಬರುತ್ತೇವೆ ಎಂದರು. ಫೋನಿಟ್ಟ ಮೇಲೆ ನನ್ನ ತಲೆ ತನ್ನ ಹಳೆಯ ಕೆಲಸ ಶುರುಮಾಡಿತು. ಮೇಲೆ ಕರೆಂಟಿನ ತಂತಿ ಇಲ್ಲ. ಕಲ್ಲೇಟಿನ ಗಾಯ ಕಾಣುವುದಿಲ್ಲ. ಗಾಳಿಪಟದ ದಾರ ಸುತ್ತಿಕೊಂಡಿಲ್ಲ. ಕೊಂಬೆ ಯಾರೂ ಕಡಿದಿಲ್ಲ, ಎಲೆ ದಟ್ಟವಾಗಿದೆ. ನೀರು ಕೂಗಳತೆಯಲ್ಲಿದೆ. ಸಭೆಯಲ್ಲಿ ನಾನು ಹೇಳಿದ ಎಲ್ಲ ಅನುಕೂಲಗಳೂ ಇರುವ ಜಾಗ ಇದು. ಹಾಗಾದರೆ ರೋಗವೇ? ಇರಬಹುದು, ಪರೀಕ್ಷೆ ಮಾಡಿಸಬೇಕು. ಒಂದು ಮಧ್ಯಾಹ್ನ, ಒಂದೇ ಕೆರೆ. ಇದರಿಂದ ಒಟ್ಟು ಸಂಖ್ಯೆ ಇಳಿಯುತ್ತದೆ ಎನ್ನಲು ಇನ್ನೂ ಎಷ್ಟೋ ಕಡೆ, ಎಷ್ಟೋ ಬೇಸಿಗೆ ನೋಡಬೇಕು.

ಅಷ್ಟರಲ್ಲಿ ಒಂದು ಗುಂಪು ಕೊಂಬೆ ಬಿಟ್ಟು ಹಾಡುಹಗಲಿನಲ್ಲೇ ಮೇಲೆದ್ದಿತು. ಕೆರೆಯ ಮೇಲೆ ಒಂದು ಸುತ್ತು ಹಾಕಿ ಪಶ್ಚಿಮಕ್ಕೆ ಹೊರಟಿತು. ಜೀವನ್ ಬಿಮಾ ನಗರ ಇರುವುದು ಆ ಕಡೆಗೇ. ಆ ದಿಕ್ಕಿಗೆ ಇನ್ನೂ ಸಾವಿರ ಜಾಗಗಳಿವೆ ಎಂದು ನನಗೆ ಗೊತ್ತು. ಆದರೂ ಅವು ಕಣ್ಮರೆಯಾಗುವವರೆಗೂ ನಾನು ಅಕ್ಕನ ಕಡೆ ತಿರುಗಲಿಲ್ಲ.

ಅವಳು ಸತ್ತ ತಾಯಿಯೊಂದರ ಪಕ್ಕ ಮಂಡಿಯೂರಿ ಕೂತಿದ್ದಳು. ಮರಿ ಇನ್ನೂ ಅದರ ಎದೆ ಬಿಟ್ಟಿರಲಿಲ್ಲ, ಜೀವವಿತ್ತು. ತಾನು ತಲೆಗೆ ಹೊದ್ದಿದ್ದ ಟವಲನ್ನು ತೆಗೆದು, ನೀರಿನ ಬಾಟಲಿ ಸುರಿದು ತೋಯಿಸಿ, ತಾಯಿ ಮರಿ ಎರಡನ್ನೂ ಸೇರಿಸಿ ಮುಚ್ಚಿದಳು. ಬಿಸಿಲು ಅವಳ ನೆರೆತ ತಲೆಯ ಮೇಲೆ ನೇರವಾಗಿ ಬೀಳುತ್ತಿತ್ತು.

"ಇಷ್ಟು ಸಾಕಾ, ಇನ್ನೂ ಬೇಕಾ ನಿಂಗೆ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಗೊತ್ತಿದ್ದವಳು ಎಂದು ನಿಜವಾಗಿಯೂ ನನ್ನನ್ನು ಕೇಳುತ್ತಿದ್ದಳು.

ಸಾಲದು ಎಂಬುದೇ ಸರಿಯಾದ ಉತ್ತರವಾಗಿತ್ತು. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

"ಸಾಕು ಅಕ್ಕ," ಎಂದೆ.